ಬಲಿಪರ ಪದ ಕೇಳುವ ಬಗೆ

ಯಕ್ಷಗಾನದ ಹಾಡುಗಾರರಾದ ಭಾಗವತರು ರಾಗ ಎಳೆದಷ್ಟೂ ಶಿಳ್ಳೆ ಹೊಡೆಯುವವರಿಗೆ ನನ್ನ ಮಾತು ಹಿಡಿಸಲಿಕ್ಕಿಲ್ಲ. ವೇಷ ಸುಮ್ಮನೆ ನಿಂತಿರುತ್ತದೆ, ಒಂದೇ ಸಾಲು ರಾಗದಿಂದ ರಾಗಕ್ಕೆ ಸುತ್ತುತ್ತಿರುತ್ತದೆ, ಎದುರಿನ ಕುರ್ಚಿಗಳಲ್ಲಿ ಮೊಬೈಲು ಮೇಲೇಳುತ್ತದೆ. ಕಥೆ ಮಾತ್ರ ಇದ್ದಲ್ಲೇ ಇರುತ್ತದೆ. ಇದೇ ಯಕ್ಷಗಾನದ ಹಾಡುಗಾರಿಕೆ ಎಂದು ನಂಬಿದವರಿಗೆ ಬಲಿಪ ನಾರಾಯಣ ಭಾಗವತರ ಪದ ಕೇಳಿಸಿದರೆ ಅರ್ಧಕ್ಕೇ ನಿಲ್ಲಿಸಿ, 'ಒರಟು' ಎಂದುಬಿಡುತ್ತಾರೆ.

ಕಾರ್ಕಳದಲ್ಲಿ ನಾವು ಓರಗೆಯವರೂ ಹಾಗೇ ಅನ್ನುತ್ತಿದ್ದೆವು. ಭಾಗವತ ದಾಮೋದರ ಮಂಡೆಚ್ಚರು ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿಗೆ ತಂದ ಶಾಸ್ತ್ರೀಯ ಸಂಗೀತದ ಇಂಪಿಗೆ ಕಿವಿ ಒಗ್ಗಿತ್ತು. ಬಲಿಪರದ್ದೋ ಏರುಕಂಠ, ನೇರ ನಡೆ, ಆಲಾಪನೆಯ ಹಂಗಿಲ್ಲ. ಒಮ್ಮೆ ಕಟೀಲು ಮೇಳದ 'ದೇವಿಮಹಾತ್ಮ್ಯೆ'ಯ ರಾತ್ರಿ ಚಾ ಕುಡಿಯಲೆಂದು ಎದ್ದು ಗದ್ದೆಯ ಆಚೆ ತುದಿಗೆ ಹೋಗಿದ್ದೆ. ಅಲ್ಲಿಂದ ರಂಗಸ್ಥಳ ಕಾಣಿಸುತ್ತಿರಲಿಲ್ಲ. ಚೆಂಡೆ ಏರುತ್ತಿತ್ತು. ಆದರೂ ಪದದ ಅಕ್ಷರ ಅಕ್ಷರವೂ ಬಿಡಿಬಿಡಿಯಾಗಿ ಬಂದು ತಲುಪಿತು. ಅಸುರ ರಕ್ತಬೀಜ ಏನು ಮಾತಾಡಲಿದ್ದಾನೆಂಬುದು ವೇಷ ನೋಡದೆಯೇ ತಿಳಿಯಿತು. ಆ ಕಂಠ ಹಾಗೇಕಿದೆ ಎಂಬುದು ನನಗೆ ಅರಿವಾದದ್ದು ಆಗಲೇ. ಅದು ಮೈಕಿಲ್ಲದ ಕಾಲದ ಬಯಲಿಗಾಗಿ ರೂಪುಗೊಂಡ ಶೈಲಿ. ಅಜ್ಜ, ಅದೇ ಹೆಸರಿನ ಹಿರಿಯ ಬಲಿಪರಿಂದ ಬಂದದ್ದು.

ಆದ್ದರಿಂದ ಅಕ್ಷರವನ್ನು ಹಿಂಬಾಲಿಸಿ. ಪ್ರಸಂಗ ಪುಸ್ತಕದಲ್ಲಿ ಪ್ರತಿ ಪದದ ನೆತ್ತಿಯ ಮೇಲೆ ರಾಗ, ತಾಳ ಬರೆದಿರುತ್ತದೆ. ಝಂಪೆ ತಾಳದ ಪದವಾದರೆ ಐದೈದು ಮಾತ್ರೆಯ ನಡೆ ಕವಿಯ ಮಾತಿನಲ್ಲೇ ಇದೆ. ಬಲಿಪರು ಅದನ್ನು ಒಡೆಯುವುದಿಲ್ಲ. ಗುರು ಗುರುವಾಗಿಯೇ, ಲಘು ಲಘುವಾಗಿಯೇ ತಾಳದ ಮೇಲೆ ಕೂರುತ್ತದೆ. ಪದವನ್ನು ಎಲ್ಲೆಂದರಲ್ಲಿ ಕತ್ತರಿಸಿ ಉಸಿರೆಳೆಯುವ ಪ್ರಶ್ನೆಯೇ ಇಲ್ಲ. ಪದ ಮುಗಿದೊಡನೆ ಅರ್ಥ ಹೇಳಬೇಕಾದ ವೇಷಧಾರಿಗೆ ಮಾತೂ ಭಾವವೂ ವೇಗವೂ ಅಲ್ಲೇ ಸಿಕ್ಕಿರುತ್ತವೆ. ಯುದ್ಧದ ಪದಕ್ಕೆ ಎಷ್ಟು ಬಿಸಿ ಬೇಕು, ಶೋಕದ ಪದ ಎಷ್ಟು ನಿಧಾನಿಸಬೇಕು ಎಂಬುದನ್ನು ನಿರ್ಧರಿಸುವವರು ಭಾಗವತರು. ಆಟ ನಡೆಸುವವರು ಅವರೇ. ಕಛೇರಿ ಕೊಡುವವರನ್ನು ಆ ಜಾಗದಲ್ಲಿ ಕೂರಿಸಿದರೆ ಆಟ ನಿಂತುಹೋಗುತ್ತದೆ.

 ಬಡಗಣ ಶೈಲಿಯಾದ ಬಡಗುತಿಟ್ಟಿನವರಿಗೂ ಒಂದು ಮಾತು: 1990ರಲ್ಲಿ ತೀರಿಕೊಂಡ ಅಲ್ಲಿನ ಭಾಗವತ ಕಾಳಿಂಗ ನಾವಡರ ಲಯದ ಹಿಡಿತವನ್ನು ಬಿಟ್ಟು ಎಳೆತವನ್ನಷ್ಟೇ ಅನುಕರಿಸಿದವರಿಂದ ಅಲ್ಲೂ ಕಿವಿ ಕೆಟ್ಟಿದೆ. ಇನ್ನು ಕಂಠದ ಒರಟಿನ ಮಾತು: ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರ ಗಂಡುದನಿಯನ್ನು ಒಪ್ಪಿಕೊಂಡ ನಾಡಿಗೆ ಬಲಿಪರ ಕಂಠ ಕಷ್ಟವಾಗಬಾರದು.

1938ರಲ್ಲಿ ಹುಟ್ಟಿದ ಬಲಿಪರು 2023ರ ಫೆಬ್ರವರಿಯಲ್ಲಿ ತೀರಿಕೊಂಡರು. ಮನೆ ಇದ್ದದ್ದು ಮೂಡುಬಿದಿರೆಯ ಹತ್ತಿರದ ಮಾರೂರಿನಲ್ಲಿ, ನಮ್ಮೂರಿನಿಂದ ತುಸು ದೂರ. ಐದು ದಿನ ಆಡಬಹುದಾದ 'ದೇವಿಮಹಾತ್ಮ್ಯೆ'ಯನ್ನು ಬರೆದವರು. ಈಗ ಉಳಿದಿರುವುದು ಧ್ವನಿಮುದ್ರಣ. ರಕ್ತಬೀಜನ ಭಾಗದಿಂದ ಆರಂಭಿಸಿ. ಇಯರ್‌ಫೋನ್ ಬೇಡ, ಒಂದು ಕೋಣೆಯಲ್ಲಿ ಹಚ್ಚಿಟ್ಟು ಇನ್ನೊಂದು ಕೋಣೆಯಲ್ಲಿ ಕುಳಿತು, ಪ್ರಸಂಗ ಪುಸ್ತಕ ಕೈಯಲ್ಲಿ ಹಿಡಿದು ಕೇಳಿ.