ಹೆಳವರ ಹೊತ್ತಿಗೆಯಲ್ಲಿ ಮುತ್ತಜ್ಜನ ಕಾಲ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮನೆ ಬಾಗಿಲಿಗೆ ಎತ್ತು ಹೊಡೆದುಕೊಂಡು ಬಂದು, ಆ ಮನೆಯ ಹಿರೀಕರನ್ನು ತಲೆಮಾರಿನ ಮೇಲೆ ತಲೆಮಾರು ಹೆಸರಿಟ್ಟು ಕೊಂಡಾಡುವವರು ಹೆಳವರು. ಮೂಲ ಊರು ಯಾವುದು, ಅಲ್ಲಿಂದ ಯಾಕೆ ಎದ್ದು ಬಂದರು, ಅಣ್ಣ ಎಲ್ಲಿ ನಿಂತ, ತಮ್ಮ ಎಲ್ಲಿಗೆ ಹೋದ, ಎಲ್ಲವೂ ಅವರ ಬಾಯಲ್ಲಿದೆ, ಅವರು ಬರೆದಿಟ್ಟ ಹೊತ್ತಿಗೆಯಲ್ಲೂ ಇದೆ. ಒಂದೊಂದು ಹೆಳವ ಕುಟುಂಬಕ್ಕೂ ಇಂತಿಂಥ ಮನೆತನಗಳೆಂದು ಪಾಲಿದೆ. ಹೇಳಿದ್ದಕ್ಕೆ ಕಾಳು, ಬಟ್ಟೆ, ದುಡ್ಡು. ಉಳ್ಳವರ ಮನೆಯಾದರೆ ದನ. ಹೊಸದಾಗಿ ಹುಟ್ಟಿದ ಮಗುವಿನ ಹೆಸರೂ ಹೊತ್ತಿಗೆ ಸೇರುತ್ತದೆ.

ಅರಸರ ವಂಶಾವಳಿಯನ್ನು ಶಾಸನಗಳು ಉಳಿಸಿದವು. ಒಕ್ಕಲು ಮನೆಗಳ ವಂಶಾವಳಿಯನ್ನು ಉಳಿಸಿದ್ದು ಊರೂರು ತಿರುಗುವ ಈ ಜನ. ಇದು ಸಣ್ಣ ಕೆಲಸವಲ್ಲ.

ಆದರೆ ಹೊತ್ತಿಗೆಯ ಮುತ್ತಜ್ಜ ಬದುಕಿದ್ದು ಯಾವ ಕಾಲದಲ್ಲಿ? ಅಲ್ಲಿ ದಾರಿ ಮಸುಕಾಗುತ್ತದೆ. ಬರ ಬಿದ್ದು ಊರು ಬಿಟ್ಟರೆಂದರೆ ಯಾವ ಬರ? ತಲೆಬುರುಡೆಯ ಬರವೆಂದು ಹೆಸರಾದ 1791–92ರದೋ, 1876–78ರದೋ? ಮನೆಯವರ ನೆನಪೂ ಇದಕ್ಕಿಂತ ಗಟ್ಟಿಯಲ್ಲ. ಶ್ರಾದ್ಧಕ್ಕೆ ಮಾಸ, ಪಕ್ಷ, ತಿಥಿ ಸಾಕು. ತಪ್ಪದೆ ಎಡೆಯಿಟ್ಟ ಮನೆಗೂ ಹಿರಿಯರು ತೀರಿಕೊಂಡ ಇಸವಿ ಗೊತ್ತಿರುವುದಿಲ್ಲ. ಸಂವತ್ಸರ ನೆನಪಿದ್ದರೆ ಒಂದು ಎಳೆ ಸಿಕ್ಕೀತು. 1876–78ರ ಬರಕ್ಕೆ ಮೈಸೂರು ಸೀಮೆಯಲ್ಲಿ ಆ ಎರಡು ಸಂವತ್ಸರಗಳ ಹೆಸರೇ ಅಂಟಿ, ಅದು ಧಾತು-ಈಶ್ವರದ ಬರವಾಯಿತು. ಆದರೆ ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ಧಾತುವಿನಲ್ಲಿ ಹುಟ್ಟಿದವ 1876ರವನೂ ಆದಾನು, 1936ರವನೂ ಆದಾನು. ಮಕ್ಕಳ ವಯಸ್ಸು, ಜಮೀನಿನ ಖಾತೆ ಬದಲಾದ ವರ್ಷ, ಇವುಗಳ ಜೊತೆಗಿಟ್ಟು ನೋಡಿದರೇ ಗಂಟು ಬಿಚ್ಚುವುದು.

ಮನೆತನದ ಪುಸ್ತಕ ಅಚ್ಚು ಹಾಕಿಸುವವರಲ್ಲಿ ಈ ಶ್ರಮ ಕಾಣುವುದು ಅಪರೂಪ. ಒಂದು ಮರದ ಚಿತ್ರ, ಕೊಂಬೆಗೊಂದು ಹೆಸರು, ಅಲ್ಲಿಗೆ ಮುಗಿಯಿತು. ಆ ಮರದ ಪಕ್ಕ ಗಣತಿಯನ್ನೂ ಇಟ್ಟು ನೋಡಬೇಕು. ಕಲಾದಗಿ ಜಿಲ್ಲೆಯಲ್ಲಿ, ಅಂದರೆ ಇಂದಿನ ವಿಜಯಪುರ–ಬಾಗಲಕೋಟೆ ಸೀಮೆಯಲ್ಲಿ, 1872ರ ಗಣತಿಗೆ 8 ಲಕ್ಷ ಮೀರಿದ್ದ ಜನಸಂಖ್ಯೆ 1881ಕ್ಕೆ 6.4 ಲಕ್ಷದೊಳಗೆ ಇಳಿದಿತ್ತು. ಆ ಸೀಮೆಯ ಮನೆತನದ ಮರದಲ್ಲಿ ಆ ಕಾಲದ ಕೊಂಬೆ ತಟ್ಟನೆ ನಿಂತಿದ್ದರೆ, ಕೇಳಬೇಕಾದ ಮೊದಲ ಪ್ರಶ್ನೆ ಬರದ್ದು. ಎಷ್ಟು ಜನ ಇಲ್ಲವಾದರೆಂದು ಗಣತಿ ಹೇಳುತ್ತದೆ, ಯಾರೆಂದು ಹೇಳುವುದಿಲ್ಲ. ಯಾವ ತಮ್ಮ ಯಾವ ಊರಿಗೆ ಹೋಗಿ ಉಳಿದುಕೊಂಡನೆಂಬುದು ಹೆಳವನ ಹೊತ್ತಿಗೆಯಲ್ಲಿದ್ದೀತು. ಎರಡನ್ನೂ ಅಕ್ಕಪಕ್ಕ ಬಿಚ್ಚಿಟ್ಟಾಗ ಮುತ್ತಜ್ಜ ಬರೀ ಹೆಸರಾಗಿ ಉಳಿಯುವುದಿಲ್ಲ; ಹಸಿದು, ಹೆದರಿ, ಹೊಲ ಬಿಟ್ಟು ಹೊರಟ ಮನುಷ್ಯನಾಗುತ್ತಾನೆ.

ಇನ್ನೊಂದು ಕೊರತೆ ನೋವಿನದು. ಹೊತ್ತಿಗೆಯ ಸಾಲು ತಂದೆಯಿಂದ ಮಗನಿಗೆ ಹರಿಯುತ್ತದೆ. ಬರದ ವರ್ಷ ಇದ್ದಷ್ಟೇ ಕಾಳನ್ನು ಅಳೆದು ಬಡಿಸಿದವಳು, 1918ರ ಇನ್‌ಫ್ಲುಯೆಂಜಾದಲ್ಲಿ ಮಕ್ಕಳ ಆರೈಕೆಗೆ ನಿಂತವಳು ಯಾವ ಊರಿನ ಮಗಳು? ಮುಂದಿನ ಸಲ ಹೆಳವ ಹೊತ್ತಿಗೆ ಬಿಚ್ಚಿದಾಗ ಮನೆಯವರು ಮಗುವಿನ ಹೆಸರಿನ ಜೊತೆಗೆ ಅದು ಹುಟ್ಟಿದ ಇಸವಿಯನ್ನೂ ಅದರ ಅಜ್ಜಿಯ ತವರೂರನ್ನೂ ಬರೆಸಬೇಕು.