ತೊಟ್ಟಿಗೂ ಒಂದು ತಾಳವಿದೆ

ಟ್ಯಾಂಕಿನೊಳಗೆ ನೀರು ದೂಡುವ ಎರಡು ಪವರ್‌ಹೆಡ್ ಪಂಪುಗಳನ್ನು ಟೈಮರ್ ರಿಲೇಗೆ ಕೊಟ್ಟು ಒಂದಾದ ಮೇಲೊಂದು ಓಡಿಸುವುದು ಹೇಗೆಂದು ಈ ವಾರ ಬರೆಯುತ್ತೇನೆ ಅಂದಿದ್ದೆ. ವೈರಿಂಗ್ ಏನೋ ಸುಲಭ. ಆದರೆ ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದ ವಿಷಯ ಒಂದಿದೆ. ಉಪ್ಪುನೀರಿನ ಟ್ಯಾಂಕಿನಲ್ಲಿ ಅಲೆ ಬೇಕೆಂದರೆ ಇನ್ನೂ ದೊಡ್ಡ ಪಂಪು ಬೇಕು ಎಂಬ ನಂಬಿಕೆ ನಮ್ಮ ಹವ್ಯಾಸದಲ್ಲಿ ಆಳವಾಗಿ ಬೇರೂರಿದೆ. ಅದು ಸಡಿಲವಾಗುವವರೆಗೆ ರಿಲೇ ಜೋಡಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಈ ನಂಬಿಕೆಯ ಬೆನ್ನಿಗೆ ಪಟ್ಟಿನ ಲೆಕ್ಕದವರಿದ್ದಾರೆ. ಗಂಟೆಗೆ ಟ್ಯಾಂಕಿನ 20 ಪಟ್ಟು ನೀರು ತಿರುಗಬೇಕು, ಅಲ್ಲ 40 ಪಟ್ಟು ಎಂದು ವರ್ಷಗಟ್ಟಲೆ ವಾದಿಸುತ್ತಾ ಬಂದವರು. ನಾಲ್ಕಡಿ ಟ್ಯಾಂಕಿನಲ್ಲಿ 300 ಲೀಟರ್ ನೀರಿದ್ದರೆ 40 ಪಟ್ಟು ಎಂದರೆ ಗಂಟೆಗೆ 12,000 ಲೀಟರ್. ಡಬ್ಬದ ಮೇಲೆ ಆ ಸಂಖ್ಯೆ ಇರುವ ಪಂಪನ್ನು ತಂದು ಕೂರಿಸಿದರೆ ಆಗುವುದೇನು? ಎದುರಿನ ಮೂಲೆಯ ಮರಳು ಹಾರಿ ಗಾಜಿನ ತಳ ಕಾಣುತ್ತದೆ. ಕಲ್ಲಿನ ಬೆನ್ನಿಗೆ ಮಾತ್ರ ಕಸ ಹಾಗೇ ಗುಡ್ಡೆ ಬಿದ್ದಿರುತ್ತದೆ. ಪಂಪು ಎಷ್ಟು ನೀರು ದೂಡಿತು ಎಂದು ಆ ಸಂಖ್ಯೆ ಹೇಳುತ್ತದೆ; ಕಲ್ಲಿನ ಹಿಂಬದಿಯ ನೀರು ಏನು ಮಾಡುತ್ತಿದೆ ಎಂದು ಹೇಳುವುದಿಲ್ಲ. ಒಂದೇ ದಿಕ್ಕಿಗೆ ಓಡುವ ನೀರಿಗೆ ಎದುರಾದ ಯಾವ ವಸ್ತುವಿಗೂ ಒಂದು ಮರೆ ಇದ್ದೇ ಇರುತ್ತದೆ. ಹೋದ ದಾರಿಯಲ್ಲೇ ಹಿಂದಿರುಗುವ ನೀರಿಗೆ ಆ ಮರೆ ಉಳಿಯುವುದಿಲ್ಲ.

ಸಮುದ್ರದಲ್ಲಿ ನಡೆಯುವುದೂ ಇದೇ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ನೀರಿಗಿಳಿದವರಿಗೆ ಗೊತ್ತು: ಬಂಡೆಯ ಹತ್ತಿರ ನೀರು ಮುಂದಕ್ಕೆ ಎಳೆದೊಯ್ಯುತ್ತದೆ, ಒಂದು ಗಳಿಗೆ ನಿಲ್ಲುತ್ತದೆ, ಮತ್ತೆ ಹಿಂದಕ್ಕೆ ತರುತ್ತದೆ. ಸಮುದ್ರ ಬೀಸಣಿಗೆಗಳು ಈ ತುಯ್ತಕ್ಕೆ ಅಡ್ಡಲಾಗಿ ತಮ್ಮ ಜಾಲರಿ ಹರಡಿ ಬೆಳೆಯುತ್ತವೆ. ನೀರು ಹೋಗುವಾಗಲೂ ಬರುವಾಗಲೂ ಅವಕ್ಕೆ ಆಹಾರ ಸಿಗುತ್ತದೆ. ಪ್ರತಿ ಜೀವಿಯ ಮೈಗೆ ಅಂಟಿಕೊಂಡು ಅಲುಗದ ನೀರಿನ ತೆಳು ಪದರವೊಂದಿರುತ್ತದೆ. ಆಮ್ಲಜನಕ ಒಳಹೋಗುವುದೂ ತ್ಯಾಜ್ಯ ಹೊರಬರುವುದೂ ಅದನ್ನು ದಾಟಿಯೇ. ಹಿಂದೆ ಮುಂದೆ ಆಡುವ ನೀರು ಈ ಪದರ ದಪ್ಪಗಟ್ಟಲು ಬಿಡುವುದಿಲ್ಲ. 1998ರಲ್ಲಿ ಒಕಿನಾವಾದ ಹವಳಗಳು ಬಿಸಿನೀರಿಗೆ ಬಿಳಿಚಿಕೊಂಡಾಗ ಯಾವುವು ಉಳಿದವು, ಯಾವುವು ಸತ್ತವು ಎಂಬುದಕ್ಕೆ ನೀರಿನ ಚಲನೆಯೂ ಒಂದು ಕಾರಣವೆಂದು ನಕಮುರ ಮತ್ತು ವಾನ್ ವೂಸಿಕ್ 2001ರಲ್ಲಿ ತೋರಿಸಿಕೊಟ್ಟರು.

ನಮ್ಮಲ್ಲಿ ಹವಳ ಇಡುವಂತಿಲ್ಲವಲ್ಲ, ಮತ್ತೆ ಅಲೆ ಯಾಕೆ ಎಂದು ಕೇಳುವವರಿದ್ದಾರೆ. ಇಡುವಂತಿಲ್ಲ, ನಿಜ, ಇಡಲೂಬಾರದು. ಗಟ್ಟಿ ಹವಳ, ಕರಿ ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ ಎಲ್ಲವೂ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿವೆ. ಅವು ಸಮುದ್ರದಲ್ಲೇ ಇರಲಿ. ಆದರೆ 28 ಡಿಗ್ರಿಯ ಸಿಹಿನೀರು ಲೀಟರಿಗೆ 7.8 ಮಿಲಿಗ್ರಾಂನಷ್ಟು ಆಮ್ಲಜನಕ ಹಿಡಿದರೆ ಅದೇ ಬಿಸಿಯ ಸಮುದ್ರದ ನೀರು ಹಿಡಿಯುವುದು ಸುಮಾರು 6.4 ಮಾತ್ರ. ಕ್ಲೌನ್ ಮೀನಿಗೂ ಕಲ್ಲಿನೊಳಗಿನ ಬ್ಯಾಕ್ಟೀರಿಯಾಕ್ಕೂ ಪಾಚಿಗೂ ಇರುವುದು ಇಷ್ಟರಲ್ಲೇ ಪಾಲು. ಮೇಲ್ಮೈ ಒಡೆದು ತಳದವರೆಗೂ ನೀರು ತೂಗಬೇಕೆನ್ನುವುದಕ್ಕೆ ಹವಳದ ನೆಪ ಬೇಕಿಲ್ಲ.

ಈ ತೂಗಾಟದ ವಿಷಯಕ್ಕೆ ಬಂದರೆ ನನ್ನ ಕೈ ತಾನಾಗಿ ಹೋಗುವುದು ಜಾರ್ಜ್ ಡಾರ್ವಿನ್‌ನ ಉಬ್ಬರವಿಳಿತದ ಪುಸ್ತಕಕ್ಕೆ. ಚಾರ್ಲ್ಸ್ ಡಾರ್ವಿನ್‌ನ ಮಗ, ಗಣಿತಜ್ಞ. 1897ರಲ್ಲಿ ಬಾಸ್ಟನ್ನಿನಲ್ಲಿ ಸಾಮಾನ್ಯ ಕೇಳುಗರಿಗೆ ಕೊಟ್ಟ ಉಪನ್ಯಾಸಗಳನ್ನು ಮರುವರ್ಷ ಪುಸ್ತಕ ಮಾಡಿದ. ಚಂದ್ರನ ಸೆಳೆತದ ಪುಸ್ತಕವದು. ಆದರೂ ಆರಂಭದಲ್ಲೇ ಒಂದು ಇಡೀ ಅಧ್ಯಾಯವನ್ನು ಆತ ಜಿನೀವಾ ಸರೋವರಕ್ಕೂ ಅದರ ದಂಡೆಯ ಮೋರ್ಜ್ ಊರಿನ ಫೊರೆಲ್ ಎಂಬ ಪ್ರಾಧ್ಯಾಪಕನಿಗೂ ಬಿಟ್ಟುಕೊಟ್ಟಿದ್ದಾನೆ. ಗಾಳಿಯಿಲ್ಲದ ದಿನವೂ ಆ ಸರೋವರದ ನೀರು ದಂಡೆಯಲ್ಲಿ ನಿಧಾನವಾಗಿ ಏರಿ ಇಳಿಯುತ್ತದೆಂದು ಅಲ್ಲಿಯ ಬೆಸ್ತರಿಗೆ ಮೊದಲೇ ಗೊತ್ತಿತ್ತು. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ಫೊರೆಲ್ ದುಬಾರಿ ಉಪಕರಣ ತರಿಸಲಿಲ್ಲ. ದಂಡೆಯಲ್ಲಿ ಒಂದು ಸಣ್ಣ ತೊಟ್ಟಿ ಮಾಡಿ, ಅದಕ್ಕೂ ಸರೋವರಕ್ಕೂ ಒಂದು ಕೊಳವೆ ಜೋಡಿಸಿ, ಕೊಳವೆಯ ಗಾಜಿನ ಭಾಗದಲ್ಲಿ ಬೆಂಡಿನ ಚೂರೊಂದನ್ನು ತೇಲಬಿಟ್ಟ. ಸರೋವರ ಏರಿದರೆ ನೀರು ತೊಟ್ಟಿಗೆ ನುಗ್ಗುತ್ತದೆ, ಬೆಂಡು ಈ ಕಡೆ ಸರಿಯುತ್ತದೆ. ಇಳಿದರೆ ಆ ಕಡೆ. ಕಣ್ಣಿಗೆ ಕಾಣದಷ್ಟು ಸಣ್ಣ ಏರಿಳಿತವನ್ನು ಒಂದು ಬೆಂಡಿನ ಚೂರು ಹಿಡಿದುಕೊಟ್ಟಿತು. ಗಡಿಯಾರ ಹಿಡಿದು ಲೆಕ್ಕ ಹಾಕಿದಾಗ ತಿಳಿದದ್ದು ಇದು: ಸರೋವರದ ನೀರು ಇಡಿಯಾಗಿ ತೂಗುತ್ತದೆ. ಒಂದು ತುದಿ ಏರಿದಾಗ ಇನ್ನೊಂದು ತುದಿ ಇಳಿಯುತ್ತದೆ. ಉದ್ದಕ್ಕೆ ಒಂದು ತೂಗಿಗೆ ಸುಮಾರು 73 ನಿಮಿಷ, ಅಡ್ಡಕ್ಕೆ ಸುಮಾರು 10 ನಿಮಿಷ. ಗಾಳಿಯೋ ಹವೆಯ ಒತ್ತಡವೋ ನೀರನ್ನು ಒಮ್ಮೆ ಕದಲಿಸುತ್ತದೆ, ಅಷ್ಟೆ. ಎಷ್ಟು ಹೊತ್ತಿಗೊಮ್ಮೆ ತೂಗಬೇಕೆಂದು ತೀರ್ಮಾನಿಸುವುದು ಸರೋವರದ ಉದ್ದ ಮತ್ತು ಆಳ. ಆ ಲೆಕ್ಕವನ್ನು ಬಾಸೆಲ್‌ನ ಮೇರಿಯನ್ 1828ರಲ್ಲೇ ಕಟ್ಟಿಟ್ಟಿದ್ದ.

ಇದನ್ನು ಓದಿದ ಅಕ್ವೇರಿಯಂ ಹವ್ಯಾಸಿ ತನ್ನ ಟ್ಯಾಂಕನ್ನು ಮತ್ತೆ ಮೊದಲಿನ ಕಣ್ಣಿನಿಂದ ನೋಡಲಾರ. ಅಲೆ ಇರುವುದು ಪಂಪಿನಲ್ಲಲ್ಲ, ತೊಟ್ಟಿಯಲ್ಲಿ. ನಾಲ್ಕಡಿ ಉದ್ದದ ಟ್ಯಾಂಕಿನಲ್ಲಿ 50 ಸೆಂಟಿಮೀಟರ್ ನೀರಿದ್ದರೆ ಅದರ ತಾಳ, ಅಂದರೆ ಒಂದು ತೂಗಿಗೆ ಹಿಡಿಯುವ ಹೊತ್ತು, ಸುಮಾರು 1.3 ಸೆಕೆಂಡ್. ಮೂರಡಿಗೆ 45 ಸೆಂಟಿಮೀಟರ್ ನೀರಾದರೆ 1.1. ಆರಡಿಗೆ 55 ಸೆಂಟಿಮೀಟರ್ ಆದರೆ 1.75ರ ಆಸುಪಾಸು. ಮೇರಿಯನ್ ಸೂತ್ರವನ್ನು ಇದ್ದ ಹಾಗೇ ಹಾಕಿದವರಿಗೆ ನಾಲ್ಕಡಿಗೆ 1.1 ಬರುತ್ತದೆ, ಅದನ್ನು ನಂಬಿ ಕೂರಬೇಡಿ. ಆ ಸೂತ್ರ ಉದ್ದದ ಎದುರು ಆಳ ತೀರ ಕಡಿಮೆಯಿರುವ ನೀರಿನದ್ದು. ನಮ್ಮ ಟ್ಯಾಂಕುಗಳಲ್ಲಿ ಆಳ ಉದ್ದದ ಅರ್ಧದ ಹತ್ತಿರ ಬರುತ್ತದೆ. ಕೈಯಿಂದ ಅಳೆಯುವುದೇ ವಾಸಿ. ಕಲ್ಲು ಜೋಡಿಸಿಯಾದ ಮೇಲೆ ಪಂಪುಗಳನ್ನೆಲ್ಲ ನಿಲ್ಲಿಸಿ, ಒಂದು ತುದಿಯಲ್ಲಿ ಅಂಗೈಯಗಲದ ಅಕ್ರಿಲಿಕ್ ಹಲಗೆ ಇಳಿಸಿ ಮೆಲ್ಲಗೆ ನೂಕುತ್ತ ಹೋಗಿ. ನೀರು ಕೈಗೆ ಒಗ್ಗಿತು ಅನ್ನಿಸಿದಾಗ ಹಲಗೆ ತೆಗೆದು, 20 ತೂಗುಗಳಿಗೆ ಎಷ್ಟು ಸೆಕೆಂಡಾಯಿತು ನೋಡಿ ಭಾಗಿಸಿ. ಅಳೆಯುವಾಗ ಇನ್ನೊಂದನ್ನೂ ಗಮನಿಸಿ: ತುದಿಗಳಲ್ಲಿ ನೀರು ಏರಿಳಿಯುತ್ತದೆ, ನಡುವೆ ಮಟ್ಟ ಕದಲುವುದೇ ಇಲ್ಲ, ಆದರೆ ಹಿಂದೆ ಮುಂದೆ ಓಡುವ ಓಟ ಅಲ್ಲೇ ಜೋರು. ಕಲ್ಲಿನ ರಾಶಿಯನ್ನು ನಡುವಿನಲ್ಲಿ ಕಟ್ಟಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ.

ತಾಳ ಸಿಕ್ಕಿತೆಂದರೆ ಉಳಿದದ್ದು ಕೈಕೆಲಸ. ಹಿರಿಯರು ಪಂಪಿನ ಅಬ್ಬರವಿಲ್ಲದೆ ಅಲೆ ಎಬ್ಬಿಸಿ ತೋರಿಸಿದ್ದಾರೆ. ವಾಲ್ಟರ್ ಏಡಿ ಸ್ಮಿತ್ಸೋನಿಯನ್ ಸಂಗ್ರಹಾಲಯದ ಹವಳದ ತೊಟ್ಟಿಗೆ, ತುಂಬಿದೊಡನೆ ತಾನೇ ಮಗುಚಿಕೊಳ್ಳುವ ಬಕೆಟ್ ಇಟ್ಟ. ಹವಾಯಿಯ ವೈಕೀಕಿ ಅಕ್ವೇರಿಯಂನ ಬ್ರೂಸ್ ಕಾರ್ಲ್‌ಸನ್ ಮೇಲೊಂದು ಡ್ರಮ್ ಇಟ್ಟು ತಾನಾಗಿ ಹಿಡಿದು ತಾನಾಗಿ ಬಿಡುವ ಸೈಫನ್ ಕಟ್ಟಿದ. ಎರಡೂ ಒಳ್ಳೆಯವೇ. ಆದರೆ 15 ಲೀಟರ್ ನೀರು ಒಮ್ಮೆಲೇ ಇಳಿದರೆ ನಾಲ್ಕಡಿ ಟ್ಯಾಂಕಿನ ಮಟ್ಟ 2.5 ಸೆಂಟಿಮೀಟರ್ ಏರುತ್ತದೆ, ಜೊತೆಗೆ ಗುಳ್ಳೆ, ಉಪ್ಪಿನ ಸಿಂಪಡಿಕೆ. ಮನೆಯ ಹಾಲಿಗೆ ನಾನು ಸೂಚಿಸುವುದು ಕಾರಿನ ವೈಪರ್ ಮೋಟರು.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ 12 ವೋಲ್ಟಿನ ವೈಪರ್ ಮೋಟರು ಸಿಗುತ್ತದೆ. ನಿಧಾನದ ವೇಗದಲ್ಲಿ ಅದು ನಿಮಿಷಕ್ಕೆ ಸುಮಾರು 45 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 1.33 ಸೆಕೆಂಡ್. ನಾಲ್ಕಡಿ ಟ್ಯಾಂಕಿನ ತಾಳವೂ ಹೆಚ್ಚುಕಡಿಮೆ ಅಷ್ಟೇ! ಎಸ್.ಪಿ. ರಸ್ತೆಯಿಂದ 5 ಆಂಪಿಯರ್ ಅಡಾಪ್ಟರು ಮತ್ತು ವೇಗ ನಿಯಂತ್ರಿಸುವ ಸಣ್ಣ ಬೋರ್ಡು ತನ್ನಿ. ಮೋಟರು ನೀರಿನಲ್ಲಿ ಏರಿಳಿಸುವ ಮುಳುಗಿಗೆ 110 ಮಿಲಿಮೀಟರ್ ಪಿವಿಸಿ ಪೈಪಿನ ತುಂಡು, ಎರಡೂ ಕಡೆ ಎಂಡ್ ಕ್ಯಾಪ್. ಸಾಲ್ವೆಂಟ್ ಪೂರ್ತಿ ಒಣಗಿ ವಾಸನೆ ಹೋಗುವವರೆಗೆ ಟ್ಯಾಂಕಿನ ಹತ್ತಿರ ತರಬೇಡಿ. ಒಳಗೆ ನೀರು ತುಂಬಿ ತೂಕ ಹೊಂದಿಸಿ. ಅರ್ಧ ಮುಳುಗಿ ತಾನಾಗಿ ನಿಂತರೆ ಮೋಟರಿಗೆ ಹೊರೆಯಾಗುವುದಿಲ್ಲ. ಮೋಟರಿನ ತಿರುಗುತೋಳು 4 ಸೆಂಟಿಮೀಟರ್ ಇದ್ದರೆ ಮುಳುಗಿ 8 ಸೆಂಟಿಮೀಟರ್ ಏರಿಳಿಯುತ್ತದೆ, ಪ್ರತಿ ಸಲ ಮುಕ್ಕಾಲು ಲೀಟರ್ ನೀರನ್ನು ಸರಿಸುತ್ತದೆ. ಇದನ್ನು ಟ್ಯಾಂಕಿನ ಒಂದು ತುದಿಯಲ್ಲೇ ಇಳಿಬಿಡಿ. ನೀರಿಗೆ ತಾಗುವ ಬೋಲ್ಟುಗಳೆಲ್ಲ ನೈಲಾನಿನವು. ಹಿತ್ತಾಳೆ, ತಾಮ್ರ ಬೇಡವೇ ಬೇಡ. ಮುಳುಗಿಯ ಸುತ್ತ ಪ್ಲಾಸ್ಟಿಕ್ ಜಾಲರಿ ಇರಲಿ, ಮೀನು ಅಡಿಗೆ ಸಿಕ್ಕಬಾರದು.

ಈಗ ವೇಗದ ಬೋರ್ಡಿನ ಗುಂಡಿಯನ್ನು ನಿಧಾನವಾಗಿ ತಿರುಗಿಸಿ. ತಾಳ ತಪ್ಪಿದ್ದರೆ ಮೇಲ್ಮೈಯಲ್ಲಿ ಬರೀ ಕಿರುಸುಕ್ಕು. ತಾಳದ ಹತ್ತಿರ ಬಂದಾಗ ಅಲೆ ಏರುತ್ತದೆ, ತಾನೇ ಬೀಳುತ್ತದೆ, ಮತ್ತೆ ಏರುತ್ತದೆ. ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿ ಕಾಯಿರಿ: ಹತ್ತು ಹದಿನೈದು ಮುಳುಗಿನೊಳಗೆ ಇಡೀ ನೀರು ಒಂದಾಗಿ ವಾಲತೊಡಗುತ್ತದೆ, ಕಲ್ಲಿನ ಬೆನ್ನಿನ ಕಸ ಎದ್ದು ಓವರ್‌ಫ್ಲೋ ಕಡೆಗೆ ಹೊರಡುತ್ತದೆ. ಮುಕ್ಕಾಲು ಲೀಟರ್ ಎಂದರೆ 300 ಲೀಟರಿನಲ್ಲಿ ನಾನೂರಕ್ಕೊಂದು ಪಾಲು. ಅಷ್ಟರಿಂದ ಇಷ್ಟಾಗುತ್ತದೆ.

ಇಷ್ಟಾಗುತ್ತದೆ ಎಂಬುದರಲ್ಲೇ ಅಪಾಯವೂ ಇದೆ. ತಾಳ ಕೂಡಿದ ಅಲೆ ತಾನಾಗಿ ನಿಲ್ಲುವುದಿಲ್ಲ, ಬೆಳೆಯುತ್ತಲೇ ಹೋಗಬಹುದು. ತುದಿಗಳಲ್ಲಿ ಎರಡು ಬೆರಳಿನ ಏರಿಳಿತಕ್ಕೆ ಮಿತಿ ಹಾಕಿ. ಜಾಸ್ತಿಯಾದರೆ ತಿರುಗುತೋಳು ಗಿಡ್ಡ ಮಾಡಿ. ಮುನ್ನೂರು ಕಿಲೋ ನೀರು ಆ ಕಡೆ ಈ ಕಡೆ ಭಾರ ಬದಲಿಸುವಾಗ ಗಾಜಿನ ಸಿಲಿಕೋನ್ ಬೆಸುಗೆಯೂ ಸ್ಟ್ಯಾಂಡೂ ಅದನ್ನು ತಾಳಬೇಕು. ಸ್ಟ್ಯಾಂಡ್ ಅಲುಗಿದರೆ ಅಲ್ಲಿಗೇ ನಿಲ್ಲಿಸಿ. ಮೋಟರನ್ನು ಗಾಜಿಗೆ ಕಟ್ಟದೆ ಗೋಡೆಯ ಬ್ರಾಕೆಟ್‌ಗೆ ಕೂರಿಸಿ, ಗ್ರೀಸ್ ತೊಟ್ಟಿಕ್ಕದಂತೆ ಕೆಳಗೊಂದು ತಟ್ಟೆ ಕೊಡಿ. ವೈಪರ್ ಮೋಟರು ದಿನವಿಡೀ ಓಡಲು ಮಾಡಿದ್ದಲ್ಲ, ಬ್ರಷ್ ಸವೆಯುತ್ತದೆ; ಬೆಳಿಗ್ಗೆ ಸಂಜೆ ಕೆಲವು ಗಂಟೆ ಓಡಿಸಿ, ಉಳಿದ ಹೊತ್ತಿಗೆ ಮಾಮೂಲಿ ಪಂಪು ಇದ್ದೇ ಇದೆ. ಟ್ಯಾಂಕಿನ ಎಲ್ಲ ಪ್ಲಗ್ಗುಗಳೂ ಕರೆಂಟು ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಮೂಲಕವೇ ಬರಲಿ. ಉಪ್ಪುನೀರಿನ ಜೊತೆ ಇದರಲ್ಲಿ ರಾಜಿಯಿಲ್ಲ. ಕರೆಂಟು ಹೋದಾಗ ಇದೇ ಮೋಟರನ್ನು ಫ್ಯೂಸ್ ಹಾಕಿದ 12 ವೋಲ್ಟ್ ಬ್ಯಾಟರಿಗೆ ನೇರವಾಗಿ ಕೊಡಬಹುದು. ಪಂಪುಗಳೆಲ್ಲ ನಿಂತ ಹೊತ್ತಿನಲ್ಲಿ ಮೀನಿಗೆ ಉಸಿರು ಕೊಡುವುದು ಇದೇ.

ಮೊಬೈಲಿನಿಂದ ನಡೆಯುವ ದುಬಾರಿ ಪಂಪುಗಳ ಮೇಲೆ ನನಗೆ ದ್ವೇಷವಿಲ್ಲ. ಅವುಗಳಲ್ಲೂ ಕ್ಷಣಕ್ಷಣಕ್ಕೆ ಹತ್ತಿ ಆರುವ ಬಗೆಯೊಂದಿದ್ದು, ಅದನ್ನು ತೊಟ್ಟಿಯ ತಾಳಕ್ಕೆ ಹೊಂದಿಸಿದರೆ ಸೊಗಸಾಗಿ ಕೆಲಸ ಮಾಡುತ್ತವೆ. ನನ್ನ ತಕರಾರು ತಾಳ ಅಳೆಯದೆ ಹಣ ಸುರಿಯುವುದರ ಮೇಲೆ. ಹೊಸ ಪಂಪಿಗೆ ಆರ್ಡರ್ ಕೊಡುವ ಮುಂಚೆ ಹಲಗೆ ಹಿಡಿದು ನಿಮ್ಮ ಟ್ಯಾಂಕಿನ ತಾಳವನ್ನು ಕಂಡುಕೊಂಡು, ಆ ಸಂಖ್ಯೆಯನ್ನು ಹಿಂಬದಿಯ ಗಾಜಿನ ಮೇಲೆ ಮಾರ್ಕರಿನಲ್ಲಿ ಬರೆದಿಡಿ. ಟೈಮರ್ ರಿಲೇಯ ವೈರಿಂಗ್ ಮುಂದಿನ ವಾರ ಬರೆಯುತ್ತೇನೆ. ರಿಲೇಯನ್ನು ಎಷ್ಟು ಸೆಕೆಂಡಿಗೆ ಇಡಬೇಕು ಎಂಬ ಪ್ರಶ್ನೆಗೆ ಉತ್ತರ ಅಷ್ಟರಲ್ಲಿ ನಿಮ್ಮ ಬಳಿಯೇ ಇರಬೇಕು.