ಮುಖ ಕಾಣುವ ಕವರು, ಕಳೆದುಹೋದ ಅಂಚು

ಹಳೆಯ ಜಾವಾ, ಯೆಜ್ಡಿ ಬೈಕುಗಳನ್ನು ಮನೆಯಲ್ಲೇ ಬಿಚ್ಚಿ ಹೊಸದು ಮಾಡಿದವರನ್ನು ಹೊಗಳಲು ನಮ್ಮಲ್ಲಿ ಒಂದೇ ಮಾತು ಚಲಾವಣೆಯಲ್ಲಿದೆ: ಎಂಜಿನ್ ಕವರಿನಲ್ಲಿ ಮುಖ ಕಾಣುತ್ತದೆ. ಬೆಂಗಳೂರಿನಲ್ಲಿ ಜುಲೈ ತಿಂಗಳ ಎರಡನೇ ಭಾನುವಾರ ನಡೆಯುವ ಜಾವಾ ದಿನಕ್ಕೆ ಹೋದವರು ನೋಡಿರುತ್ತಾರೆ, ಜನ ಮುತ್ತಿಕೊಳ್ಳುವುದು ಅಂಥ ಗಾಡಿಯನ್ನೇ. ಬಫ್ ವೀಲಿಗೆ ಕೊಟ್ಟು ಕ್ರೋಮಿನಂತೆ ಮಾಡಿಸಿದ ಕವರಿಗೆ ಫೋಟೊ, ಮೆಚ್ಚುಗೆ, ಮರುಮಾರಾಟದಲ್ಲಿ ಬೆಲೆ ಎಲ್ಲವೂ ಸಿಗುತ್ತವೆ. ವಾರಗಟ್ಟಲೆ ವಾಟರ್ ಪೇಪರ್ ಹಿಡಿದು ಕೈಯಲ್ಲಿ ಉಜ್ಜಿ, ಮೆದುವಾದ ಬೆಳ್ಳಿಬಣ್ಣಕ್ಕೆ ತಂದು ನಿಲ್ಲಿಸಿದವರ ಕವರನ್ನು ‘ಇನ್ನೂ ಪಾಲಿಶ್ ಆಗಬೇಕು’ ಎಂದು ದಾಟಿ ಹೋಗುತ್ತಾರೆ. ಈ ತೀರ್ಪು ತಲೆಕೆಳಗಾಗಿದೆ. ಕನ್ನಡಿ ಹೊಳಪಿಗೆ ಸಿಕ್ಕಿರುವ ಕೀರ್ತಿ ಅದರ ಯೋಗ್ಯತೆಗಿಂತ ಬಹಳ ದೊಡ್ಡದು. ಅದರ ನೆರಳಲ್ಲಿ ಈ ಕಸುಬಿನ ನಿಜವಾದ ಕೆಲಸ ಯಾರ ಕಣ್ಣಿಗೂ ಬೀಳದೆ ಹೋಗಿದೆ.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ, 1973ರಲ್ಲಿ ಬಂದ ಯೆಜ್ಡಿ ಹೆಸರು, 1996ರಲ್ಲಿ ಮುಚ್ಚಿದ ಬಾಗಿಲು, ಇವೆಲ್ಲ ಈ ಗಾಡಿಗಳ ಸಹವಾಸ ಇರುವವರಿಗೆ ಗೊತ್ತಿರುವ ಸಂಗತಿಗಳು. ಇಲ್ಲಿ ಮುಖ್ಯವಾದದ್ದು ಇಷ್ಟೇ: ಆಮೇಲೆ ಆ ಕಾರ್ಖಾನೆಯಿಂದ ಒಂದು ಕವರೂ ಹೊರಬಂದಿಲ್ಲ. ಉಜ್ಜಿ ಸವೆಸಿದ ಲೋಹ ಮರಳಿ ಬರುವುದಿಲ್ಲ.

ಮೊದಲು ಆ ಕವರಿನ ರೂಪವನ್ನೇ ನೋಡಬೇಕು. ಹಳೆಯ ಜಾವಾ 250ರ ಎಂಜಿನ್ನಿಗೆ ಮೊಟ್ಟೆಯ ಆಕಾರ. ಎಡಕ್ಕೆ ಕ್ಲಚ್ ಕವರು. ಅಲ್ಲಿಂದ ಹೊರಬರುವ ಒಂದೇ ಲಿವರು ಗೇರೂ ಹೌದು, ಕಿಕ್ಕೂ ಹೌದು. ಬಲಕ್ಕೆ ಡೈನಮೊ ಇರುವ ಕಡೆಯ ಕವರು. ಎರಡೂ ಕವರುಗಳು ನಡುವೆ ಉಬ್ಬಿ ಅಂಚಿನ ಕಡೆಗೆ ನಿಧಾನವಾಗಿ ಇಳಿಯುತ್ತವೆ. ಇಳಿದ ಅಂಚು ಒಂದು ಖಚಿತ ಗೆರೆಯಾಗಿ ಕ್ರ್ಯಾಂಕ್‌ಕೇಸಿಗೆ ಕೂಡಿಕೊಳ್ಳುತ್ತದೆ. ಆ ಉಬ್ಬು ಮತ್ತು ಆ ಗೆರೆಯ ನಡುವಿನ ಬಿಗಿಯಲ್ಲೇ ಈ ಎಂಜಿನ್ನಿನ ಚೆಲುವಿದೆ. ಮೆದು ಹೊಳಪಿನ ಮೇಲೆ ಬೆಳಕು ಬಿದ್ದರೆ ಉಬ್ಬು ಎಲ್ಲಿ ತಿರುಗುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಕನ್ನಡಿ ಹೊಳಪು ಸುತ್ತಲಿನ ಮರ, ಗೋಡೆ, ನೋಡುವವರ ಶರ್ಟು ಎಲ್ಲವನ್ನೂ ತೋರಿಸಿ ಕವರನ್ನೇ ಮರೆಮಾಡುತ್ತದೆ.

ಕೆಲಸದ ಒಳಕ್ಕೆ ಇಳಿದರೆ ವಾದ ಇನ್ನೂ ಗಟ್ಟಿಯಾಗುತ್ತದೆ. ಕವರು ಬಿಚ್ಚಿ, ಸೀಮೆಎಣ್ಣೆಯಲ್ಲಿ ಜಿಡ್ಡು ತೊಳೆದು, ಗ್ಯಾಸ್ಕೆಟ್ ಕೂರುವ ಒಳಮುಖಕ್ಕೆ ಟೇಪು ಅಂಟಿಸಿದ ಮೇಲೆ ಬರುವುದು ಒರಟು ಪೇಪರಿನ ಘಟ್ಟ. ಇಡೀ ಕೆಲಸದ ಹಣೆಬರಹ ನಿರ್ಧಾರವಾಗುವುದು ಇಲ್ಲೇ. ಯಾವ ನಂಬರಿನಿಂದ ಶುರುಮಾಡಬೇಕು ಎಂಬುದನ್ನು ಅತಿ ಆಳವಾದ ಗೀರು ಹೇಳುತ್ತದೆ. ಗೀರು ಉಗುರಿಗೆ ಸಿಕ್ಕುವಂತಿದ್ದರೆ 240, ಬರೀ ಮಸುಕಿದ್ದರೆ 400 ಸಾಕು. ಪೇಪರಿನ ಹಿಂದೆ ರಬ್ಬರ್ ತುಂಡು ಇರಬೇಕು, ನೀರಿಗೆ ಸ್ವಲ್ಪ ಸೋಪು ಬೇಕು. 240ರಲ್ಲಿ ಉದ್ದಕ್ಕೆ ಉಜ್ಜಿದ್ದರೆ 320ರಲ್ಲಿ ಅಡ್ಡಕ್ಕೆ ಉಜ್ಜಬೇಕು. ಹಿಂದಿನ ಪೇಪರಿನ ಗೆರೆ ಒಂದೂ ಉಳಿದಿಲ್ಲ ಎಂದು ಓರೆ ಬೆಳಕಿನಲ್ಲಿ ಖಾತರಿಯಾದ ಮೇಲಷ್ಟೇ 400, ಆಮೇಲೆ 600, 800, 1000. ದಿಕ್ಕು ಬದಲಿಸುವುದು ಶಾಸ್ತ್ರಕ್ಕಲ್ಲ. ಒಂದೇ ದಿಕ್ಕಿನಲ್ಲಿ ಉಜ್ಜಿದರೆ ಹೊಸ ಗೆರೆ ಹಳೆಯ ಗೆರೆಯ ಮೇಲೇ ಕೂರುತ್ತದೆ, ಯಾವುದು ಹೋಯಿತು ಯಾವುದು ಉಳಿಯಿತು ಎಂದು ಕಣ್ಣಿಗೆ ತಿಳಿಯುವುದೇ ಇಲ್ಲ. ಅಡ್ಡಕ್ಕೆ ಉಜ್ಜಿದಾಗ ಉಳಿದ ಹಳೆಯ ಗೆರೆ ತಾನಾಗಿ ಎದ್ದು ಕಾಣುತ್ತದೆ. ಅಂದರೆ ಪ್ರತಿ ಪೇಪರೂ ಹಿಂದಿನ ಪೇಪರಿನ ಪರೀಕ್ಷೆ.

ಬಫ್ ವೀಲಿನ ಆಕರ್ಷಣೆ ಈ ಪರೀಕ್ಷೆಯನ್ನು ತಪ್ಪಿಸಿಕೊಳ್ಳುವ ದಾರಿ ಅದು ಎಂಬುದರಲ್ಲಿದೆ. 320ಕ್ಕೆ ನಿಲ್ಲಿಸಿ ನೇರವಾಗಿ ವೀಲಿಗೆ ಹಿಡಿದರೂ ಕವರು ಹೊಳೆಯುತ್ತದೆ. ಬಫಿಂಗ್ ಸೋಪಿನ ಜಿಡ್ಡು ಉಳಿದ ಗೆರೆಗಳಲ್ಲಿ ತುಂಬಿಕೊಂಡು ಅವನ್ನು ಮುಚ್ಚುತ್ತದೆ. ಪೆಟ್ರೋಲ್ ಹಾಕಿ ಒರೆಸಿದ ದಿನ ಅವೆಲ್ಲ ಮತ್ತೆ ತೆರೆದುಕೊಳ್ಳುತ್ತವೆ. ಇದಕ್ಕಿಂತ ದೊಡ್ಡ ಹಾನಿ ಅಂಚಿನದು. ಬೆಂಚ್ ಗ್ರೈಂಡರಿಗೆ ಹಾಕಿದ ಆರು ಇಂಚಿನ ಬಟ್ಟೆಯ ವೀಲು ನಿಮಿಷಕ್ಕೆ ಸುಮಾರು 2800 ಸುತ್ತು ತಿರುಗುವಾಗ ಅದರ ಹೊರಮೈ ಸೆಕೆಂಡಿಗೆ ಇಪ್ಪತ್ತು ಮೀಟರಿಗೂ ಮಿಕ್ಕಿದ ವೇಗದಲ್ಲಿ ಓಡುತ್ತಿರುತ್ತದೆ. ಬಟ್ಟೆ ಮೆದುವಾದ್ದರಿಂದ ಸ್ಕ್ರೂ ತೂತು ಬಂದಲ್ಲಿ ಒಳಕ್ಕೆ ಬಾಗಿ ಅದರ ಬಾಯನ್ನು ಅಗಲ ಮಾಡುತ್ತದೆ, ಉಬ್ಬಕ್ಷರ ಬಂದಲ್ಲಿ ಅದರ ಭುಜವನ್ನು ಸವೆಸುತ್ತದೆ, ಅಂಚು ಬಂದಲ್ಲಿ ಅದನ್ನು ಗುಂಡಗೆ ಮಾಡುತ್ತದೆ. ಗುಂಡಗಾದ ಅಂಚು ಕ್ರ್ಯಾಂಕ್‌ಕೇಸಿಗೆ ಕೂತಾಗ ಎರಡರ ನಡುವೆ ಕಪ್ಪು ಸಂದು ಅಗಲವಾಗಿ ಕಾಣುತ್ತದೆ. ಆಗ ಮೊಟ್ಟೆಯ ಆಕಾರ ಒಡೆದು ಎರಡು ಬೇರೆ ತುಂಡುಗಳಾಗಿ ತೋರುತ್ತದೆ. ಎರಕದ ಒಳಗಿನ ಸಣ್ಣ ಗಾಳಿಗುಳ್ಳೆಗಳು ಬಾಯಿ ತೆರೆದಲ್ಲಂತೂ ವೀಲು ಪ್ರತಿ ಗುಳ್ಳೆಯ ಹಿಂದೆ ಒಂದು ಬಾಲ ಎಳೆಯುತ್ತದೆ. ಆ ಬಾಲಗಳನ್ನು ಅಳಿಸಲು ಮತ್ತಷ್ಟು ಒತ್ತಿದರೆ ಮತ್ತಷ್ಟು ಗುಳ್ಳೆ ತೆರೆಯುತ್ತವೆ.

ಇದರ ಕಾರಣ ಲೋಹದಲ್ಲೇ ಇದೆ. ಎಂಜಿನ್ ಕವರಿನ ಎರಕಕ್ಕೆ ಬಳಸುವ ಅಲ್ಯೂಮಿನಿಯಂ ಮಿಶ್ರಲೋಹಗಳಲ್ಲಿ ಸಾಮಾನ್ಯವಾಗಿ ಸಿಲಿಕಾನ್ ಸೇರಿರುತ್ತದೆ. ಎರಕ ಅಚ್ಚಿನ ಮೂಲೆಮೂಲೆಗೂ ಹರಿಯಲು ಅದು ಬೇಕು. ಮೋಸ್ ಗಡಸುತನದ ಅಳತೆಯಲ್ಲಿ ಸಿಲಿಕಾನ್ ಏಳರ ಹತ್ತಿರ, ಅಲ್ಯೂಮಿನಿಯಂ ಮೂರಕ್ಕೂ ಕಡಿಮೆ. ವೀಲಿಗೆ ಹೆಚ್ಚು ಹೊತ್ತು ಹಿಡಿದರೆ ಮೆತ್ತನೆಯ ಅಲ್ಯೂಮಿನಿಯಂ ಸವೆದು ಗಟ್ಟಿ ಕಣಗಳು ಉಳಿಯುತ್ತವೆ. ಮೈ ಕಿತ್ತಳೆ ಸಿಪ್ಪೆಯಂತಾಗುತ್ತದೆ. ಗಟ್ಟಿ ರಬ್ಬರಿನ ಮೇಲೆ ಬಿಗಿಯಾಗಿ ಕೂತ ಪೇಪರು ಎರಡನ್ನೂ ಒಂದೇ ಮಟ್ಟಕ್ಕೆ ಕತ್ತರಿಸುತ್ತದೆ. ಈ ಲೋಹ ಕೇಳುವುದು ಪೇಪರಿನ ತಾಳ್ಮೆಯನ್ನು.

ಕನ್ನಡಿ ಹೊಳಪಿನ ಪರವಾಗಿಯೂ ಒಂದು ಮಾತಿದೆ: ನುಣುಪಾದ ಮೈಗೆ ಕೆಸರು, ಎಣ್ಣೆ ಬೇಗ ಹಿಡಿಯುವುದಿಲ್ಲ, ಒರೆಸುವುದು ಸುಲಭ. ಒಪ್ಪೋಣ. ಆ ಅನುಕೂಲದ ಬಹುಪಾಲು 1000ದ ಪೇಪರು ಮುಗಿಸಿ ಹತ್ತಿಬಟ್ಟೆಯಲ್ಲಿ ಮೆಟಲ್ ಪಾಲಿಶ್ ತಿಕ್ಕಿದರೆ ಸಿಕ್ಕಿಬಿಡುತ್ತದೆ. ಉಳಿದ ಚೂರು ಹೊಳಪಿಗಾಗಿ ಅಂಚು ಕೊಡುವುದು ನಷ್ಟದ ವ್ಯಾಪಾರ.

ಈಗ ಇನ್ನೊಂದು ಪಕ್ಷದ ಮಾತು. ಕವರನ್ನು ಮುಟ್ಟಲೇಬೇಡಿ, ಕಾಲ ಬಿಟ್ಟ ಗುರುತನ್ನು ಅಳಿಸಬೇಡಿ ಎಂದು ಬರೆಯುವ ವಿಮರ್ಶಕರು ಈಚೆಗೆ ಹೆಚ್ಚಿದ್ದಾರೆ. ಬಫ್ ವೀಲಿನ ವಿರುದ್ಧ ಅವರಿಗಿರುವ ಸಿಟ್ಟು ನನಗೂ ಇದೆ. ಆದರೆ ಅವರ ವಾದದ ಬುಡ ಸಡಿಲ. ತಾಮ್ರ, ಕಂಚಿನ ಮೇಲಿನ ಹಸಿರು ಪದರವನ್ನು ಅವರು ಉದಾಹರಣೆ ಕೊಡುತ್ತಾರೆ. ಆ ಪದರ ಸಾಮಾನ್ಯವಾಗಿ ಒಳಗಿನ ಲೋಹವನ್ನು ಕಾಯುತ್ತದೆ. ಅಲ್ಯೂಮಿನಿಯಮ್ಮಿಗೂ ಅಂಥ ಕವಚವಿದೆ, ಆದರೆ ಅದು ಕಣ್ಣಿಗೆ ಕಾಣುವುದಿಲ್ಲ. ಉಜ್ಜಿದ ಲೋಹಕ್ಕೆ ಗಾಳಿ ತಗುಲಿದ ಕ್ಷಣದಲ್ಲೇ ಕೆಲವು ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪೊರೆ ತಾನಾಗಿ ಕಟ್ಟುತ್ತದೆ. ಇವರು ಕಾಲದ ಸೊಗಸು ಎಂದು ಮೆಚ್ಚುವ ಬಿಳಿ ಪುಡಿ ಆ ಪೊರೆ ಮುರಿದಿರುವ ಜಾಗದ ಗುರುತು. ಕಾರವಾರ, ಉಡುಪಿ, ಮಂಗಳೂರಿನ ಉಪ್ಪುಗಾಳಿಯಲ್ಲಿ ನಿಂತ ಗಾಡಿಗಳಲ್ಲಿ ಇದನ್ನು ಚೆನ್ನಾಗಿ ನೋಡಬಹುದು. ಉಪ್ಪಿನ ಕ್ಲೋರೈಡ್ ಪೊರೆಯನ್ನು ಒಂದು ಚುಕ್ಕೆಯಲ್ಲಿ ಮುರಿಯುತ್ತದೆ, ಗುಳಿಯೊಳಗೆ ಆಮ್ಲ ಕಟ್ಟಿಕೊಳ್ಳುತ್ತದೆ, ಗುಳಿ ಒಳಗೊಳಗೇ ಆಳವಾಗುತ್ತದೆ. ಮುಟ್ಟದೆ ಬಿಟ್ಟರೆ ಗುಳಿಯ ಜೊತೆ ಕವರೂ ಹೋಗುತ್ತದೆ. ನಲವತ್ತು ವರ್ಷ ಬೂಟು ತಾಗಿ ಲಿವರಿನ ಬಳಿ ಸವೆದ ಜಾಗ, ಎಂದೋ ಬಿದ್ದಾಗ ಆದ ತಗ್ಗು, ಇವು ಗಾಡಿಯ ಬದುಕಿನ ಗುರುತುಗಳು. ಇವನ್ನು ಉಳಿಸಿಕೊಳ್ಳಿ ಎಂದರೆ ನಾನೂ ಅವರ ಜೊತೆ. ರೋಗವನ್ನೂ ಅನುಭವವನ್ನೂ ಒಂದೇ ಹೆಸರಿನಲ್ಲಿ ಕಾಪಾಡಲು ಹೊರಟರೆ ಎರಡರ ಬಗ್ಗೆಯೂ ಅವರಿಗೆ ಕಾಳಜಿ ಇಲ್ಲವೆಂದೇ ಅರ್ಥ. ಈ ಗಾಡಿಗಳು ಕಾರ್ಖಾನೆಯಿಂದ ಪಾಲಿಶ್ ಆದ ಕವರಿನೊಂದಿಗೇ ಹೊರಬಂದವು. ಮೂಲವನ್ನು ಗೌರವಿಸುವವರು ಪೇಪರು ಹಿಡಿಯಲೇಬೇಕು.

ಇವರಿಬ್ಬರ ನಡುವೆ ಅಡ್ಡದಾರಿ ಹುಡುಕುವವರೂ ಇದ್ದಾರೆ. ಕಾಸ್ಟಿಕ್ ಸೋಡಾದಲ್ಲಿ ಅದ್ದಿ ಕೊಳೆ ತೆಗೆಯುವವರು ಲೋಹವನ್ನೇ ಕರಗಿಸುತ್ತಿರುತ್ತಾರೆ. ಮೇಲೇಳುವ ಗುಳ್ಳೆ ಹೈಡ್ರೊಜನ್, ಕೊನೆಗೆ ಉಳಿಯುವುದು ಕಪ್ಪು ಮಸಿ. ಪಾಲಿಶ್ ಮೇಲೆ ಕ್ಲಿಯರ್ ಲ್ಯಾಕರ್ ಹೊಡೆದು ನಿಶ್ಚಿಂತರಾಗುವವರು ಮೊದಲ ಕಲ್ಲು ತಾಗುವವರೆಗೆ ಮಾತ್ರ ನಿಶ್ಚಿಂತರು. ಒಡೆದ ಜಾಗದಿಂದ ನೀರು ನುಗ್ಗಿದರೆ ಪದರದ ಕೆಳಗೆ ಬಿಳಿ ಎಳೆಗಳು ಹುಳದಂತೆ ಹರಿಯುತ್ತವೆ, ಆಗ ಇಡೀ ಪದರ ಕಿತ್ತು ಮೊದಲಿನಿಂದ ಶುರುಮಾಡಬೇಕು. ಬರಿಮೈ ಲೋಹ ಮಸುಕಾದರೆ ಒಂದು ಸಂಜೆ ಬಟ್ಟೆ ಹಿಡಿದು ತಿಕ್ಕಿದರೆ ಸರಿಹೋಗುತ್ತದೆ. ಮನೆಯಲ್ಲಿ ಗ್ರೈಂಡರ್ ಬಳಸಲೇಬೇಕೆನ್ನುವವರು ಇದೊಂದನ್ನು ಮರೆಯಬಾರದು: ಕಬ್ಬಿಣ ಉಜ್ಜುವ ಯಂತ್ರದಲ್ಲಿ ಅಲ್ಯೂಮಿನಿಯಂ ಉಜ್ಜಕೂಡದು. ಅದರ ಒಣ ಪುಡಿ ತುಕ್ಕಿನ ಪುಡಿಯ ಜೊತೆ ಸೇರಿರುವಲ್ಲಿ ಕಿಡಿ ಬಿದ್ದರೆ ಹತ್ತಿಕೊಳ್ಳಬಹುದು, ಹತ್ತಿದರೆ ನೀರಿಗೆ ಆರುವ ಬೆಂಕಿ ಅದಲ್ಲ. ನೀರು ಹಾಕಿ ಕೈಯಲ್ಲಿ ಉಜ್ಜುವವರಿಗೆ ಈ ಭಯವೂ ಇಲ್ಲ.

ಆದ್ದರಿಂದ ಜಾವಾ ಕೂಟಗಳಲ್ಲಿ ಗಾಡಿಗೆ ಅಂಕ ಕೊಡುವವರಿಗೆ, ಹಳೆಯ ಗಾಡಿ ಕೊಳ್ಳುವವರಿಗೆ, ಈ ಕಸುಬಿನ ಬಗ್ಗೆ ಬರೆಯುವವರಿಗೆ ನನ್ನ ಕೋರಿಕೆ ಒಂದೇ: ಕವರಿನ ನಡುಭಾಗವನ್ನು ಕೊನೆಯಲ್ಲಿ ನೋಡಿ. ಮೊದಲು ಸ್ಕ್ರೂ ತೂತಿನ ಬಾಯಿ ಚೂಪಾಗಿದೆಯೇ, ಉಬ್ಬಕ್ಷರದ ಭುಜ ಉಳಿದಿದೆಯೇ, ಕ್ರ್ಯಾಂಕ್‌ಕೇಸಿಗೆ ಕೂಡುವ ಗೆರೆ ತೆಳುವಾಗಿ ಒಂದೇ ಸಮನಿದೆಯೇ ಎಂದು ನೋಡಿ. ಈ ಮೂರೂ ಸರಿಯಿದ್ದರೆ ಹೊಳಪು ಎಷ್ಟೇ ಇರಲಿ, ಅದು ಒಳ್ಳೆಯ ಕೆಲಸ. ಈ ಮೂರರಲ್ಲಿ ಒಂದು ಹೋಗಿದ್ದರೂ, ಮುಖ ಎಷ್ಟೇ ಚೆನ್ನಾಗಿ ಕಾಣಲಿ, ಮೈಸೂರಿನಲ್ಲಿ ಎರಕವಾದ ಒಂದು ಕವರು ಅಷ್ಟರಮಟ್ಟಿಗೆ ನಷ್ಟವಾಗಿದೆ ಎಂದೇ ಲೆಕ್ಕ.